ಬೀಳ್ಕೊಡುಗೆಯ ಬ್ಲೇಡ್

ಜೆಟ್ ಎಂಜಿನ್ನಿನ ಬ್ಲೇಡುಗಳಿಗೆ ಬಳಿಯುವ ಶಾಖನಿರೋಧಕ ಲೇಪನವನ್ನು ಪರೀಕ್ಷಿಸುವುದರಲ್ಲೇ ತಲೆ ನರೆದು ನಿವೃತ್ತರಾದವರ ಮನೆಗೆ, ವಿಮಾನ ಬಿದ್ದ ಮರುದಿನ ಅವರ ಶಿಷ್ಯ ಬಂದ.

"ಪೈಲಟ್‌ಗೆ ಮದುವೆ ಆಗಿತ್ತೇನಪ್ಪಾ?"

"ಆಗಿತ್ತು ಸರ್. ಒಂದು ಬ್ಲೇಡಿನ ಲೇಪನ ಎದ್ದುಹೋಗಿ ಬ್ಲೇಡೇ ಕರಗಿದೆ ಅಂತಿದಾರೆ."

"ಸಾಧ್ಯವಿಲ್ಲ. ಆ ಎಂಜಿನ್ನಿನ ಒಂದೊಂದು ಬ್ಲೇಡಿಗೂ ನಾನೇ ಕೆಂಪು ಬಣ್ಣ ಸವರಿ ಒರೆಸಿ ನೋಡಿದೀನಿ. ಬಿರುಕಿದ್ರೆ ಅದರೊಳಗೆ ಬಣ್ಣ ಕೂತು ಗೆರೆ ಉಳಿಯುತ್ತೆ. ಹಾಗೆ ಉಳಿದಿದ್ದು ಒಂದರಲ್ಲಿ ಮಾತ್ರ. ಆ ರಿಜೆಕ್ಟ್ ಆದದ್ದನ್ನೇ ಅಲ್ವೇ ನೀವೆಲ್ಲ ಮರದ ಪೀಠದ ಮೇಲೆ ಕೂರಿಸಿ ನನ್ನ ಬೀಳ್ಕೊಡುಗೆಗೆ ಕೊಟ್ಟಿದ್ದು?"

"ನಾನೇ ಕೂರಿಸಿದ್ದು ಸರ್." ಶಿಷ್ಯ ನೆಲ ನೋಡುತ್ತಿದ್ದ. "ಚೆನ್ನಾಗಿ ಕಾಣ್ಲಿ ಅಂತ ಮೊದಲು ಅದರ ಬಣ್ಣ ಪೂರ್ತಿ ತೊಳೆದೆ. ಪಾಸಾದ ಬ್ಲೇಡುಗಳ ಪಕ್ಕದಲ್ಲೇ ಒಣಗೋಕೆ ಇಟ್ಟಿದ್ದೆ. ಅದನ್ನ ಒಂದ್ಸಲ ನೋಡ್ಬಹುದಾ?"

ಹಿರಿಯರು ಒಳಗಿನ ಬಾಗಿಲ ಕಡೆ ನೋಡಿದರು.

"ದೇವರ ಮನೇಲಿದೆ. ಆಯುಧಪೂಜೆಗೆ ಇಟ್ಟಿದ್ದು, ಆಮೇಲೆ ತೆಗೆಯೋಕೆ ಇವಳು ಬಿಡಲಿಲ್ಲ."

ಎದ್ದು ಹೋಗಿ ತಂದರು. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಅವರ ಹೆಂಡತಿ ಬ್ಲೇಡಿನ ಬುಡದಿಂದ ತುದಿಯವರೆಗೂ ಬಳಿದಿದ್ದರು. ಶಿಷ್ಯ ಕೈ ಚಾಚಿದ. ಅವರು ಕೊಡಲಿಲ್ಲ. ಕಿಟಕಿಯ ಬಳಿ ನಿಂತು, ಮೊದಲು ಮಾಡುತ್ತಿದ್ದ ಹಾಗೆಯೇ, ಶಲ್ಯದ ತುದಿಯಿಂದ ಮೆಲ್ಲಗೆ ಒರೆಸಿದರು. ಬೆಳಕಿಗೆ ಹಿಡಿದರು. ತಿರುಗಿಸಿ ಇನ್ನೊಂದು ಬದಿಯನ್ನೂ ಒರೆಸಿದರು.

ಒಂದೇ ಒಂದು ಕೆಂಪು ಗೆರೆಯೂ ಉಳಿದಿರಲಿಲ್ಲ.