ಕದ್ದು ಕಲಸಿದ ಬೆಣ್ಣೆ

ಎರಡು ತಿಂಗಳ ಕೂಸಿನ ಮಲದಲ್ಲಿ ರಕ್ತ ಕಂಡಾಗ, ಎದೆಹಾಲುಣಿಸುವ ತಾಯಿ ಹಸುವಿನ ಹಾಲು, ಮೊಸರು, ಬೆಣ್ಣೆ ಮುಟ್ಟಲೇಬಾರದು ಎಂದಿದ್ದರು ಡಾಕ್ಟರು. ನಾಗವೇಣಿ ಎಲ್ಲ ಬಿಟ್ಟಳು, ಕೂಸು ಚೇತರಿಸಿಕೊಂಡಿತು. ಮೂರು ವಾರಕ್ಕೆ ಮತ್ತೆ ರಕ್ತ ಕಾಣಿಸಿತು.

ಆ ಮಧ್ಯಾಹ್ನ ಅವಳು ಅಡುಗೆಮನೆಗೆ ಹೋದಾಗ, ಗಂಡನ ಅಜ್ಜಿ ಅವಳ ತಟ್ಟೆಯ ಬಿಸಿ ಅನ್ನಕ್ಕೆ ಬೆಣ್ಣೆ ಕಲಸುತ್ತಿದ್ದರು.

"ಬೆಣ್ಣೆ ತಿನ್ನದ ಬಾಣಂತಿಗೆ ಸೊಂಟ ನಿಲ್ಲುತ್ತೇನೇ? ನಿಮ್ಮತ್ತೆಗೂ ಹೀಗೇ ತಿನ್ನಿಸಿದ್ದೆ," ಎಂದರು ಅಜ್ಜಿ.

ಆಗಷ್ಟೇ ಬಾಗಿಲಿಗೆ ಬಂದಿದ್ದ ಅತ್ತೆ ಗಿರಿಜಮ್ಮ ಬೆಣ್ಣೆಯ ಬಟ್ಟಲನ್ನೇ ನೋಡುತ್ತ ನಿಂತುಬಿಟ್ಟರು.

ನಾಗವೇಣಿ ಕೋಣೆಗೆ ಬಂದು ಕೂಸಿನ ಬಟ್ಟೆಗಳನ್ನು ಬ್ಯಾಗಿಗೆ ತುರುಕಿದಳು. ಇನ್ನು ಈ ಮನೆಯವರು ಮಗುವಿನ ಮುಖಕ್ಕಾಗಿ ಹಂಬಲಿಸಿ ಸಾಯಲಿ ಎಂದುಕೊಂಡಳು. ಹಿಂದೆಯೇ ಬಂದ ಗಿರಿಜಮ್ಮ ಆ ಬಟ್ಟೆಗಳನ್ನು ಒಂದೊಂದಾಗಿ ಹೊರತೆಗೆಯತೊಡಗಿದರು.

"ತಡೀಬೇಡಿ ಅತ್ತೆ. ನಿಮ್ಮನ್ನೂ ಕ್ಷಮಿಸಲ್ಲ ನಾನು."

"ನನ್ನ ಚೊಚ್ಚಲ ಮಗೂಗೂ ಹೀಗೇ ರಕ್ತ ಹೋಗ್ತಿತ್ತು ಕಣೇ. ಮೂರು ತಿಂಗಳಿಗೇ ಹೋಗ್ಬಿಡ್ತು. ದೃಷ್ಟಿ ಆಗಿದೆ ಅಂದ್ರು ಇದೇ ನಮ್ಮತ್ತೆ. ಇವತ್ತಿನವರೆಗೂ ನಂಬಿದ್ದೆ."

ನಾಗವೇಣಿ ಬ್ಯಾಗನ್ನು ಕೈಬಿಟ್ಟಳು.

ಗಿರಿಜಮ್ಮ ಖಾಲಿ ಬ್ಯಾಗನ್ನು ಕೊಡವಿದರು. "ಇದು ನಮ್ಮತ್ತೆಗೆ ಬೇಕು. ಅವರನ್ನ ಅವರ ಮಗಳ ಮನೆಗೆ ಕಳಿಸ್ತಿದೀನಿ, ಆಟೋಗೆ ಹೇಳಿದೀನಿ."