ಅರೆಬಿಗಿದ ಬೋಲ್ಟು

ಕಾರಿನಡಿ ಅಂಗಾತ ಮಲಗಿದ್ದ ಪುಷ್ಪಲತಾಗೆ ಗಂಡನ ಚಪ್ಪಲಿ ಮಾತ್ರ ಕಾಣುತ್ತಿತ್ತು. ಆ ಚಪ್ಪಲಿಯ ಮೇಲೂ ಅವಳಿಗೆ ಸಿಟ್ಟಿತ್ತು.

"ಮುಗೀತೇನು? ಹಡಗಲಿಗೆ ಹೋಗೋದೈತಿ, ಹೊತ್ತಾತು," ಎಂದ ಸೋಮಶೇಖರ್.

"ತಡೀರಿ. ಹೊಲಸೆಲ್ಲಾ ಹೊರಗ ಬರ್ಲಿ."

ಎಂಜಿನ್ ತಳದ ಸಂಪಿನಿಂದ ಹಳೆಯ ಆಯಿಲ್ ಕರ್ರಗೆ ಬಾಣಲೆಗೆ ಇಳಿಯುತ್ತಿತ್ತು. ಎರಡು ಲಕ್ಷ ಕಿಲೋಮೀಟರ್ ದಾಟಿದ ಮುದಿ ಕಾರು ಅದು. ಎಂಜಿನ್ ಆಯಿಲ್ ಯಾವಾಗ, ಗೇರ್ ಆಯಿಲ್ ಯಾವಾಗ, ಕೂಲೆಂಟ್ ಯಾವಾಗ, ಎಲ್ಲ ಅವಳಿಗೆ ಬಾಯಿಪಾಠ. ಅವಳಪ್ಪ ಲಾರಿ ಓಡಿಸುತ್ತಿದ್ದವನು. ಮಗಳಿಗೆ ರಂಗೋಲಿಗಿಂತ ಮೊದಲು ಸ್ಪ್ಯಾನರ್ ಹಿಡಿಯಲು ಕಲಿಸಿದ್ದ. ಮದುವೆಯಾದ ಹೊಸದರಲ್ಲಿ, ಕೊಟ್ಟೂರಿನಲ್ಲೇ ಯಾವುದಾದರೂ ಗ್ಯಾರೇಜಿಗೆ ಬಿಡೋಣ ಎಂದರೆ ಸೋಮಶೇಖರ್ ಒಪ್ಪಿರಲಿಲ್ಲ. ಗ್ಯಾರೇಜಿನವರಿಗೆ ಕೈಗಿಂತ ಬಾಯಿ ಜಾಸ್ತಿ ಎಂದಿದ್ದ. ಅಂದಿನಿಂದ ಸರ್ವಿಸೆಲ್ಲ ಅವಳದೇ.

ಅವನು ಮೆಕ್ಕೆಜೋಳದ ವ್ಯಾಪಾರಿ. ಊರೂರು ಅಲೆಯುವ ಕಸುಬು, ಮನೆಯಲ್ಲಿದ್ದುದಕ್ಕಿಂತ ಹೊರಗಿದ್ದುದೇ ಹೆಚ್ಚು. ಹಿಂದೆ ಮುಂದೆ ಯಾರೂ ಇಲ್ಲ ಎಂದಿದ್ದ. ಉಜ್ಜಿನಿಯ ಗುಡಿಯಲ್ಲಿ ಗದ್ದಲವಿಲ್ಲದೆ ತಾಳಿ ಕಟ್ಟಿದಾಗ, ಅತ್ತೆಯ ಕಾಟವಿಲ್ಲದ ಮನೆ ಸಿಕ್ಕಿತೆಂದು ಪುಷ್ಪಲತಾಳ ಅಮ್ಮ ಹಿಗ್ಗಿ ಹೀರೇಕಾಯಿ ಆಗಿದ್ದಳು.

ಆ ಸಂಸಾರಕ್ಕೆ ಈಗ ಹುಳ ಬಿದ್ದಿತ್ತು. ಬೆಳಿಗ್ಗೆ ಬಾನೆಟ್ ಎತ್ತಿದವಳೇ ಪುಷ್ಪಲತಾ ಬೆಚ್ಚಿದ್ದಳು. ಏರ್ ಫಿಲ್ಟರ್ ಡಬ್ಬಿಯ ಮೇಲೆ ಮೂರೆಳೆ ವಿಭೂತಿ, ನಡುವೆ ದುಂಡಗೆ ಕುಂಕುಮ, ಮೂಲೆಯಲ್ಲಿ ಬಾಡಿದ ಸೇವಂತಿಗೆ. ಮೊನ್ನೆಯಷ್ಟೇ ಅಮಾವಾಸ್ಯೆ. ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡುವುದು ಮನೆಯ ಹೆಣ್ಣಿನ ಕೆಲಸ. ಅವಳ ಅಂಗಳದಲ್ಲಿ ಈ ಕಾರು ಒಂದು ಅಮಾವಾಸ್ಯೆಗೂ ನಿಂತಿದ್ದಿಲ್ಲ.

"ಅಮಾಸಿ ಪೂಜಿ ಯಾರ ಕೈಯಾಗ ಮಾಡಿಸಿದ್ರಿ?" ಎಂದು ಕೇಳಿದ್ದಳು.

"ದಲ್ಲಾಳಿ ಅಂಗಡ್ಯಾಗ ಎಲ್ಲಾರ ಗಾಡಿಗೂ ಮಾಡ್ತಾರ," ಎಂದು ಅವನು ಮುಖ ತಿರುಗಿಸಿದ್ದ.

ದಲ್ಲಾಳಿ ಅಂಗಡಿಯ ಹಮಾಲರು ಬಾನೆಟ್ ಎತ್ತಿ, ಮೂರು ಬೆರಳಲ್ಲಿ ಅಷ್ಟು ಅಚ್ಚುಕಟ್ಟಾಗಿ ವಿಭೂತಿ ಎಳೆಯುತ್ತಾರಂತೆ. ಕಿವಿಯ ಮೇಲೆ ಹೂವಿಡುವುದಕ್ಕೂ ಒಂದು ಮಿತಿ ಬೇಡವೇ? ಅದೂ ಅಲ್ಲದೆ ಪಕ್ಕದ ಮನೆಯ ಹಂಪಮ್ಮ ಹೋದ ವಾರವೇ ಕಿವಿಯಲ್ಲಿ ಊದಿದ್ದಳು: "ನಿನ್ನ ಗಂಡನ ಗಾಡಿ ಹರಪನಹಳ್ಳಿ ಬಸ್‌ ಸ್ಟ್ಯಾಂಡ್ ಹಿಂದಿನ ಓಣ್ಯಾಗ ಹೊಕ್ಕಿದ್ದು ನೋಡೀನಿ. ಯಾವ ಮನಿಗೆ ಹೋತೋ ಗೊತ್ತಾಗ್ಲಿಲ್ಲವ್ವ." ಆಗ ಹಂಪಮ್ಮನನ್ನೇ ಬೈದು ಕಳಿಸಿದ್ದಳು.

ಯಾವ ಮನೆ ಎಂಬುದನ್ನು ಈಗ ಕಾರೇ ಹೇಳಬೇಕು.

ಪ್ರತಿ ಸಲ ಆಯಿಲ್ ಬದಲಿಸುವಾಗ ಸಂಪಿನ ಬೋಲ್ಟಿಗೆ ಹೊಸ ವಾಷರ್ ಹಾಕುವವಳು, ಇಂದು ಸವೆದ ಹಳೆಯದನ್ನೇ ಏರಿಸಿದಳು. ಬೋಲ್ಟನ್ನು ಅರೆಬರೆ ಬಿಗಿದಳು. ಹನಿ ಹನಿಯಾಗಿ ಸೋರಲಿ. ಎಂಜಿನ್ ಹಾಳಾದರೆ ಹಾಳಾಗಲಿ. ಸಂಸಾರವೇ ಸೋರಿಹೋಗುತ್ತಿರುವಾಗ ಎಂಜಿನ್ ಕಟ್ಟಿಕೊಂಡು ಏನು ಮಾಡುವುದು?

ಹೊಸ ಎಣ್ಣೆ ಸುರಿದು ಬಾನೆಟ್ ಮುಚ್ಚಿದಳು. ಸೋಮಶೇಖರ್ ಕಾರು ಹತ್ತಿದ.

"ಯಾವ ದಾರಿ ಹಿಡಿದ್ರೂ ಸಾವಕಾಶ ಹೋಗ್ರಿ," ಎಂದಳು.

ಅವನು ನಕ್ಕು ಹೊರಟ. ಅವಳು ಬಾಣಲೆಯ ಕರಿ ಎಣ್ಣೆಯನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಮುಚ್ಚಳ ತಿರುವಿದಳು. ಆ ಹೆಂಗಸಿನ ಮುಖಕ್ಕೆ ಮಸಿ ಬಳಿಯಲು ಬೇರೆ ಮಸಿ ಹುಡುಕಬೇಕಾಗಿರಲಿಲ್ಲ.

ಮರುದಿನ ಹರಪನಹಳ್ಳಿಯ ಬಸ್ಸಿನಲ್ಲಿ ಡಬ್ಬಿ ಅವಳ ತೊಡೆಯ ಮೇಲಿತ್ತು. ಬೈಗುಳಗಳನ್ನು ದಾರಿಯುದ್ದಕ್ಕೂ ಒಂದೊಂದಾಗಿ ಆರಿಸಿಕೊಂಡಳು. ತನ್ನ ಗಂಡನನ್ನು ಬುಟ್ಟಿಗೆ ಹಾಕಿಕೊಂಡವಳನ್ನು ಓಣಿಯ ಜನರೆಲ್ಲ ನೋಡುವಂತೆ ಬೀದಿಗೆಳೆಯದೆ ಕೊಟ್ಟೂರಿಗೆ ಮರಳುವುದಿಲ್ಲ ಎಂದು ಉಜ್ಜಿನಿಯ ಮರುಳಸಿದ್ಧನ ಮೇಲೆ ಆಣೆ ಹಾಕಿಕೊಂಡಳು.

ಬಸ್‌ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮೊದಲ ಹನಿ ಸಿಕ್ಕಿತು. ಅಲ್ಲಿಂದ ಮುಂದೆ ಇನ್ನೊಂದು, ತಿರುವಿನಲ್ಲಿ ಮತ್ತೆರಡು. ಕೊನೆಗೆ ಹಸಿರು ಗೇಟೊಂದರ ಒಳಗೆ ಹೊಕ್ಕು ನಿಂತವು.

ಗೇಟಿನೊಳಗೆ ಕಾರು ನಿಲ್ಲಿಸಲೆಂದೇ ತಗಡಿನ ಶೆಡ್ಡು. ಕೆಳಗೆ ಸಿಮೆಂಟಿನ ಮೇಲೆ ಹಸಿ ಎಣ್ಣೆಯ ಕಲೆ. ಕಾರು ಇರಲಿಲ್ಲ. ಕೊಟ್ಟೂರಿನಲ್ಲಿ ಅದೇ ಕಾರು ವರ್ಷವೆಲ್ಲ ಬಿಸಿಲಲ್ಲಿ ಒಣಗುತ್ತದೆ. ಇಟ್ಟುಕೊಂಡವಳ ಮನೆಯಲ್ಲಿ ಅದಕ್ಕೆ ನೆರಳು. ಪುಷ್ಪಲತಾಳ ಮೈ ಉರಿಯಿತು.

ಬಾಗಿಲು ಬಡಿದಳು. ಹಣೆತುಂಬ ವಿಭೂತಿಯ ಮುದುಕಿಯೊಬ್ಬಳು ತೆರೆದಳು.

"ಯಾರು ಬೇಕಾಗಿತ್ತವ್ವ?"

"ನನ್ನ ಗಂಡನ್ನ ಕೆಡಿಸಿದಾಕಿ ಒಳಗ ಅದಾಳಲ್ಲ, ಹೊರಗ ಕರೀರಿ. ಮಾರಿ ನೋಡ್ಬೇಕು ಆಕೀದು."

"ಯಾರು ನಿನ್ನ ಗಂಡ?"

"ಮೆಕ್ಕಿಜೋಳದ ಸೋಮಶೇಖರ್. ಕೊಟ್ಟೂರಾಗ ಮನಿ ಐತಿ ನಮ್ದು."

ಮುದುಕಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬಂದವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೊರಳ ತಾಳಿಯ ಮೇಲೆ ಅವಳ ಕಣ್ಣು ಬಹಳ ಹೊತ್ತು ನಿಂತಿತು.

ಪುಷ್ಪಲತಾ ಡಬ್ಬಿಯ ಮುಚ್ಚಳ ತಿರುವುತ್ತ ಒಳಗೆ ಕಣ್ಣು ಹಾಯಿಸಿದಳು. ಪಡಸಾಲೆಯ ಗೋಡೆಯ ಮೇಲೆ ಮದುವೆಯ ದೊಡ್ಡ ಫೋಟೋ. ಬಾಸಿಂಗ ಕಟ್ಟಿದ ಮದುಮಗ ಸೋಮಶೇಖರ್. ಪುಷ್ಪಲತಾಗೆ ತಾಳಿ ಕಟ್ಟುವಾಗಲೇ ಬೋಳಾಗಿದ್ದ ತಲೆಯಲ್ಲಿ ಇಲ್ಲಿ ಕಪ್ಪು ಗುಂಗುರು ಕೂದಲು. ಅವನ ಮಗ್ಗುಲಲ್ಲಿ ಮದುಮಗಳು. ಹಿಂದೆ, ಮಗನ ಹೆಗಲ ಮೇಲೆ ಕೈಯಿಟ್ಟು ನಿಂತವಳು ಇದೇ ಮುದುಕಿ.

ಮುದುಕಿ ಒಳಗೆ ತಿರುಗಿ ಸೊಸೆಯನ್ನು ಕೂಗಿದಳು: "ಅಮೃತಾ, ಬಾ ಹೊರಗ. ನಿನ್ನ ಗಂಡನ್ನ ಕೆಡಿಸಿದಾಕಿ ಯಾರು ಅಂತ ಹುಡುಕ್ತಿದ್ದೆಲ್ಲ, ತಾನಾಗೇ ಬಂದು ಬಾಗಿಲಾಗ ನಿಂತಾಳ."