ಬೆರಳ ಜಡ್ಡು

ಶವಾಗಾರದ ಹೊರಗಿನ ಬೆಂಚಿನ ಮೇಲೆ ಇಬ್ಬರೂ ಜಗಳವಾಡುತ್ತಿದ್ದರು. ಸುಮ್ಮನಿದ್ದರೆ ಭಯವಾಗುತ್ತಿತ್ತು.

"ಗಿಟಾರ್ ಅಂದ್ರೆ ನಮ್ಮಣ್ಣ. ಅವನನ್ನ ಮೀರಿಸೋರು ಯಾರೂ ಇಲ್ಲ" ಎಂದ, ಪರವೂರಿನಿಂದ ಆಗಷ್ಟೇ ಬಂದಿಳಿದಿದ್ದ ತಮ್ಮ.

"ನೀನು ಸ್ಟ್ಯಾನಿ ಗಿಟಾರ್ ನುಡಿಸೋದನ್ನ ಕೇಳಿಲ್ಲ" ಎಂದ ಅಣ್ಣನ ಹಳೆಯ ಗೆಳೆಯ, ಡ್ರಮ್ಮರ್. "ಎರಡು ವರ್ಷದ ಹಿಂದೆ, ನಾನು ನಮ್ಮ ಆರ್ಕೆಸ್ಟ್ರಾ ಬಿಟ್ಟ ದಿನ, ನಿಮ್ಮಣ್ಣನ ಮುಖಕ್ಕೇ ಹೇಳಿದ್ದೆ, ನೀನು ಸ್ಟ್ಯಾನಿ ಕಾಲ ಧೂಳಿಗೂ ಸಮ ಅಲ್ಲ ಅಂತ. ನಕ್ಕುಬಿಟ್ಟ."

ಅತ್ತಿಗೆ ಗೋಡೆಗೊರಗಿ ನಿಂತಿದ್ದಳು.

ಪೊಲೀಸಿನವನು ಬಂದ. "ಲಾರಿ ಹರಿದು ಮುಖ ಗೊತ್ತಾಗಲ್ಲ. ಬೇರೆ ಗುರುತು ಏನಾದ್ರೂ ಇದೆಯಾ?"

"ಎಡಗೈ ಬೆರಳ ತುದಿ ಸರ್. ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿ ಕಲ್ಲಾಗಿವೆ" ಎನ್ನುತ್ತಾ ತಮ್ಮ ಅವನ ಜೊತೆ ಒಳಗೆ ಹೋದ.

ಎರಡೇ ನಿಮಿಷಕ್ಕೆ ಓಡಿಬಂದ.

"ಅತ್ತಿಗೆ, ಅಣ್ಣ ಅಲ್ಲ! ಜಡ್ಡೇ ಇಲ್ಲ, ಬೆರಳೆಲ್ಲ ಮೆತ್ತಗಿವೆ!"

ಡ್ರಮ್ಮರ್ ಅವನನ್ನು ತಬ್ಬಿಕೊಂಡು ಅತ್ತೇಬಿಟ್ಟ.

ಅತ್ತಿಗೆ ಗೋಡೆಗುಂಟ ಕುಸಿದು ಕೂತಳು. ಡ್ರಮ್ಮರನ ಕಡೆ ಕೈ ತೋರಿಸಿದಳು.

"ಇವರು ಆ ಮಾತು ಅಂದ ದಿನದಿಂದ ನಿಮ್ಮಣ್ಣ ಗಿಟಾರ್ ಮುಟ್ಟಿಲ್ಲ."